ಮೇಸ್ತ್ರಿ ಕಟ್ಟದೇ ಹೋದ ಗೋಡೆ

ಮೇಸ್ತ್ರಿ ನಮ್ಮ ಮನೆಯಲ್ಲಿ ಮಾಡಿದ ಕೆಲಸವೆಂದರೆ ಒಂದು ದಾರ ಎಳೆದದ್ದು. ಹೋಗುವಾಗ ಅದನ್ನೂ ಬೆರಳಿಗೆ ಸುತ್ತಿಕೊಂಡು ಜೇಬಿಗೆ ಹಾಕಿದ. ಆಮೇಲೆ ಇಟ್ಟಿಗೆ ಬರಲಿಲ್ಲ, ಮರಳು ಬರಲಿಲ್ಲ, ಅವನೂ ಇತ್ತ ತಲೆ ಹಾಕಲಿಲ್ಲ. ಸಣ್ಣ ದಾವೆಗಳ ಕೋರ್ಟಿನಲ್ಲಿ ನಾನೂ ಅಕ್ಕನೂ ಜೊತೆಯಾಗಿ ಹೂಡಿದ ದೂರು ಇಷ್ಟೇ: ಮುಂಗಡ ತೆಗೆದುಕೊಂಡ ಮೇಸ್ತ್ರಿ, ಒಪ್ಪಿಕೊಂಡ ಗೋಡೆಯನ್ನು ಕಟ್ಟಿಕೊಟ್ಟಿಲ್ಲ.

ನಮ್ಮದು ಒಂದು ಕಾಲಕ್ಕೆ ಅಂಗಡಿಯಾಗಿದ್ದ ಮನೆ. ಬೀದಿಗೆ ಎರಡು ಬಾಗಿಲು, ಒಳಗೆ ಒಂದೇ ಅಗಲವಾದ ಹಜಾರ, ಅದರ ಹಿಂದೆ ಅಕ್ಕಪಕ್ಕದಲ್ಲಿ ಎರಡು ಕೋಣೆ. ಎಡಗಡೆ ಅಕ್ಕ, ಬಲಗಡೆ ನಾನು ಮತ್ತು ನನ್ನ ಹೆಂಡತಿ. ಅಕ್ಕ ಬಟ್ಟೆ ಹೊಲಿಯುತ್ತಾಳೆ. ಅವಳ ಕಾಲ್ತುಳಿ ಮಿಷನ್ನು ಹಜಾರದ ಎಡಗಿಟಕಿಯ ಕೆಳಗಿದೆ. ನಾನು ಕಾಲೇಜೊಂದರಲ್ಲಿ ಪ್ರಯೋಗಾಲಯ ನೋಡಿಕೊಳ್ಳುವವನು. ಸಂಜೆ ಹಜಾರದ ಬಲಗಡೆ ಮೇಜಿನ ಮೇಲೆ ವಿದ್ಯಾರ್ಥಿಗಳ ವರದಿಗಳನ್ನು ಹರಡಿಕೊಂಡು ಕೂರುತ್ತೇನೆ. ಅಮ್ಮ ಇದ್ದಾಗ ಹಜಾರದ ನಟ್ಟನಡುವೆ ಚಾಪೆ ಹಾಸಿಕೊಂಡಿರುತ್ತಿದ್ದಳು. ನಮ್ಮ ಜಗಳಗಳು ಅವಳನ್ನು ದಾಟಿಕೊಂಡೇ ಹೋಗಬೇಕಿತ್ತು. ಅರ್ಧ ದಾರಿಯಲ್ಲೇ ಅವಳು ಅವನ್ನು ಹಿಡಿದು ಎರಡೂ ಕಡೆಗೆ ಬೈದು ಮುಗಿಸಿಬಿಡುತ್ತಿದ್ದಳು. ಅವಳು ಹೋದ ಮೇಲೆ ಚಾಪೆ ಸುತ್ತಿಟ್ಟೆವು. ಜಗಳಗಳು ಸಲೀಸಾಗಿ ಓಡಾಡತೊಡಗಿದವು.

ಕೊನೆಯ ಜಗಳ ಎದ್ದದ್ದು ಒಂದು ತಲೆನೋವಿನಿಂದ.

"ಆ ಮಿಷನ್ನು ತಲೆಯೊಳಗೇ ಓಡ್ತಿದೆ" ಎಂದಳು ನನ್ನ ಹೆಂಡತಿ, ಹಣೆಗೆ ಒದ್ದೆ ಬಟ್ಟೆ ಒತ್ತಿಕೊಂಡು.

"ಒಳಗೆ ಜಾಗ ಖಾಲಿ ಇದ್ರೆ ಓಡುತ್ತೆ ಬಿಡಮ್ಮ" ಎಂದಳು ಅಕ್ಕ, ಪೆಡಲಿನಿಂದ ಕಾಲು ತೆಗೆಯದೆ.

ಅಲ್ಲಿಂದ ಮಾತು ಅಮ್ಮನ ಕಾಯಿಲೆಗೆ ಹೋಯಿತು, ಯಾರು ಎಷ್ಟು ರಾತ್ರಿ ಎದ್ದಿದ್ದೆವು ಎನ್ನುವಲ್ಲಿಗೆ ಹೋಯಿತು. ಹೇಳಬಾರದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆ, ಗೋಡೆಯೊಂದೇ ದಾರಿ ಎಂದು ಮೂವರೂ ಒಪ್ಪಿದೆವು. ಬಹಳ ದಿನದ ಮೇಲೆ ಮೂವರೂ ಒಪ್ಪಿದ ಮಾತು ಅದೊಂದೇ.

ಪಾಲಿನ ಗೋಡೆಗಳನ್ನೇ ಕಟ್ಟುವ ಮೇಸ್ತ್ರಿಯೊಬ್ಬನಿದ್ದಾನೆ ಎಂದು ಬೀದಿಯವರು ಹೇಳಿದರು. ಅಣ್ಣತಮ್ಮಂದಿರ ನಡುವೆ, ಅತ್ತೆಸೊಸೆಯರ ನಡುವೆ ಅವನು ಗೋಡೆ ಎತ್ತಿದ ಮನೆಗಳಿಂದ ಆಮೇಲೆ ಒಂದು ಗಲಾಟೆಯೂ ಕೇಳಿಬಂದಿಲ್ಲವಂತೆ. ಬಂದವನು ತೆಳ್ಳಗಿನ ಆಳು, ಮೆಲುಮಾತಿನವನು. ಕಣ್ಣುರೆಪ್ಪೆಯ ಮೇಲೂ ಕೆಂಪು ಧೂಳು. ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು, ಹಜಾರದ ನಡುವೆ ನಿಂತು ಕೇಳಿದ:

"ಗೋಡೆ ಯಾತಕ್ಕೆ ಅಡ್ಡ ಬೇಕು? ನೋಟಕ್ಕೋ, ಸದ್ದಿಗೋ, ಓಡಾಟಕ್ಕೋ?"

"ನೋಡಿದ್ರೆ ನೋಡ್ಲಿ" ಎಂದಳು ಅಕ್ಕ. "ಈ ಮುಖ ಹುಟ್ಟಿದಾಗಿಂದ ನೋಡಿದ್ದೀನಿ, ಹೊಸದಾಗಿ ಕೆಡೋಕೆ ಏನಿದೆ? ಸದ್ದು ಬರಬಾರದು. ಇವರದ್ದು ನಂಗೆ, ನಂದು ಇವರಿಗೆ."

"ಓಡಾಟವೂ ಬೇಡ" ಎಂದೆ ನಾನು. "ನಾವು ಅವಳ ಕಡೆ ಹೋಗಲ್ಲ. ಅವಳು ನಮ್ಮ ಕಡೆ ಬರೋದು ಬೇಡ."

ಮೇಸ್ತ್ರಿ ತಲೆಯಾಡಿಸಿ, ಎರಡು ಬೀದಿ ಬಾಗಿಲುಗಳ ನಡುವಿನಿಂದ ಎರಡು ಕೋಣೆಗಳ ನಡುವಿನವರೆಗೆ ನೆಲಕ್ಕೆ ತಾಗುವಂತೆ ದಾರ ಎಳೆದ. ಅಕ್ಕನನ್ನು ಅದರ ಆಚೆ, ನನ್ನನ್ನು ಈಚೆ ನಿಲ್ಲಿಸಿದ. ಪಾಲಿನ ಗೋಡೆ ಕಟ್ಟುವವರು ಕೆಲಸ ಶುರುಮಾಡುವ ಮುಂಚೆ ಹೀಗೆ ಕೇಳಿಕೊಳ್ಳುತ್ತಾರಂತೆ; ನಾಳೆ ದಾರ ಆ ಕಡೆ ಸರಿದಿತ್ತು, ಈ ಕಡೆ ಸರಿದಿತ್ತು ಎಂದು ಯಾರೂ ತಗಾದೆ ತೆಗೆಯಬಾರದಲ್ಲ.

"ಇಲ್ಲಿಗೆ ಸರಿಯಾ ಅಮ್ಮಾ?"

"ಸರಿ" ಎಂದಳು ಅಕ್ಕ, ನನ್ನ ಅಂಗಿಯ ಗುಂಡಿಯನ್ನೇ ನೋಡುತ್ತ.

"ಇಲ್ಲಿಗೆ ಸರಿಯಾ ಸಾರ್?"

"ಸರಿ" ಎಂದೆ.

ಅವನು ಕೂತು, ಅಂಗೈಯಿಂದ ದಾರದ ಉದ್ದಕ್ಕೂ ನೆಲವನ್ನೊಮ್ಮೆ ಸವರಿದ. ಆಮೇಲೆ ದಾರ ಬಿಚ್ಚಿಕೊಂಡು ಹೊರಟ. ಅಳತೆ ಮುಗಿಯಿತು, ನಾಳೆ ಸಾಮಾನು ತರುತ್ತಾನೆ ಎಂದುಕೊಂಡೆವು.

ವಾರ ಕಳೆದರೂ ಸುಳಿವಿಲ್ಲ. ಫೋನ್ ಮಾಡಿದರೆ ಅದೇ ಮೆಲುಮಾತು: "ಗೋಡೆ ಆಯ್ತಲ್ಲ ಸಾರ್. ಏನಾದ್ರೂ ತೊಂದರೆ ಇದ್ಯಾ?"

"ಎಲ್ರಿ ಆಯ್ತು? ಒಂದು ಇಟ್ಟಿಗೆ ಬಿದ್ದಿಲ್ಲ!"

"ನೋಡಿಕೊಂಡು ಹೇಳಿ ಸಾರ್" ಎಂದು ಇಟ್ಟುಬಿಟ್ಟ.

ನೋಡಿಕೊಂಡೆ. ಹಜಾರ ಹಿಂದಿನಂತೆಯೇ ಇತ್ತು. ಆ ಕಡೆ ಅಕ್ಕ ಮಿಷನ್ನಿನ ಮುಂದೆ ಬಾಗಿ ಕೂತಿದ್ದಳು. ಚಕ್ರ ತಿರುಗುತ್ತಿತ್ತು, ಅವಳ ಪಾದಗಳು ಮೇಲೆ ಕೆಳಗೆ ಆಡುತ್ತಿದ್ದವು. ಕೊಂಚ ಹೊತ್ತು ಹಾಗೇ ನಿಂತ ಮೇಲೆ ಗೊತ್ತಾಯಿತು, ನನಗೆ ಕೇಳಿಸುತ್ತಿದ್ದುದು ನಮ್ಮ ಕೊಳಾಯಿ ತೊಟ್ಟಿಕ್ಕುವುದು ಮಾತ್ರ.

ಮೊದಲು ಇದನ್ನು ಅಕ್ಕನ ಬಿಗುಮಾನ ಎಂದೇ ತಿಳಿದೆ. ಎಣ್ಣೆ ಹಾಕಿಸಿದ್ದಾಳೆ, ಮೆಲ್ಲಗೆ ತುಳಿಯುತ್ತಾಳೆ, ನಮ್ಮನ್ನು ನಾಚಿಸಬೇಕೆಂದು ಹೀಗೆ ಮಾಡುತ್ತಿದ್ದಾಳೆ. ಆದರೆ ಒಂದು ಮಧ್ಯಾಹ್ನ ಅವಳ ಕೈಯಿಂದ ದೊಡ್ಡ ಕತ್ತರಿ ಜಾರಿ ಕಲ್ಲುನೆಲದ ಮೇಲೆ ಬಿದ್ದು ಪುಟಿಯಿತು. ಅಕ್ಕ ಬೆಚ್ಚಿ ಕಾಲೆಳೆದುಕೊಂಡಳು. ನನ್ನ ಕಿವಿಗೆ ಏನೂ ಬೀಳಲಿಲ್ಲ.

ಮೇಜಿನ ಖಾನೆಯಲ್ಲಿದ್ದ ಒಂದು ಗೋಲಿಯನ್ನು ನೆಲದ ಮೇಲೆ ಬಿಟ್ಟೆ. ಆ ಹಜಾರದ ನೆಲ ಅಕ್ಕನ ಕಡೆಗೆ ಇಳಿಜಾರು. ಚಿಕ್ಕಂದಿನಲ್ಲಿ ನನ್ನ ಗೋಲಿಗಳೆಲ್ಲ ಉರುಳಿ ಅವಳ ಪಾಲಾಗುತ್ತಿದ್ದವು. ಅದು ಉರುಳಿ, ದಾರ ಎಳೆದಿದ್ದ ಜಾಗದಲ್ಲಿ ನಿಂತಿತು. ಒಂದು ಸಣ್ಣ ಟಕ್ ಎಂಬ ಸದ್ದು ಬಂತು. ಆಮೇಲೆ ಒಂದು ಗೇಣು ನನ್ನ ಕಡೆಗೆ, ಏರಿನ ಕಡೆಗೆ, ಹಿಂದಕ್ಕೆ ಬಂದು ಸುಮ್ಮನಾಯಿತು.

"ನೆಲ ಸವೆದಿದೆ" ಎಂದಳು ನನ್ನ ಹೆಂಡತಿ. ಅವಳ ಪೊರಕೆ ಆ ಜಾಗಕ್ಕೆ ಹೋಗಿ ತಿರುಗಿಕೊಳ್ಳುತ್ತಿದ್ದುದನ್ನು ಅವಳು ಗಮನಿಸಿರಲಿಲ್ಲ. ಉದ್ದಕ್ಕೂ, ಗೋಡೆಯ ಬುಡದಲ್ಲಿ ನಿಲ್ಲುವಂತೆ, ನಯವಾದ ಧೂಳಿನ ಗೆರೆ ನಿಂತಿತ್ತು. ಇರುವೆಗಳು ಅದನ್ನು ಅನುಸರಿಸಿ ಹೋಗುತ್ತಿದ್ದವು.

ನಾನು ದಾಟಿ ನೋಡಿದೆನೇ ಎಂದು ಕೇಳಬಹುದು. ದಾಟಲೆಂದು ಎಷ್ಟೋ ಸಲ ಎದ್ದಿದ್ದೇನೆ. ಪ್ರತಿ ಸಲವೂ ನಡುವೆ ಏನೋ ನೆನಪಾಗುತ್ತಿತ್ತು. ಒಲೆ ಆರಿಸಿದೆನೇ, ಕಿಟಕಿಯ ಚಿಲಕ ಹಾಕಿದೆನೇ ಎಂದು ತಿರುಗುತ್ತಿದ್ದೆ. ಯಾರೂ ತಡೆಯಲಿಲ್ಲ, ಏನೂ ತಾಗಲಿಲ್ಲ. ಹೋಗಲಿಲ್ಲ, ಅಷ್ಟೇ.

ದೂರು ಕೊಡಲು ಅಕ್ಕನ ಸಹಿ ಬೇಕಿತ್ತು. ಬೀದಿಯಲ್ಲಿ ಎದುರಾದಾಗ ಕೇಳಿದೆ. ನಾಲಿಗೆ ಹೊರಳುತ್ತದೋ ಇಲ್ಲವೋ ಎಂಬ ಅನುಮಾನವಿತ್ತು. ಹೊರಗೆ ಎಲ್ಲ ಸರಾಗವಾಗಿತ್ತು.

"ನಾನೇ ಹೇಳೋಣ ಅಂತಿದ್ದೆ" ಎಂದಳು ಅಕ್ಕ. ಆಮೇಲೆ ಕೇಳಿದಳು: "ಏನೋ, ನೀವಿಬ್ರೂ ಮಾತಾಡೋದೇ ಬಿಟ್ಟಿದ್ದೀರಾ? ಬಾಯಿ ಆಡೋದು ಕಾಣುತ್ತೆ. ಸಿನಿಮಾದಲ್ಲಿ ಧ್ವನಿ ಹೋದ ಹಾಗೆ."

"ನಿನ್ನ ಕತ್ತರಿ ಬಿದ್ದಿದ್ದೂ ನಂಗೆ ಕೇಳಿಸ್ಲಿಲ್ಲ" ಎಂದೆ.

ಕೋರ್ಟಿಗೆ ಒಂದೇ ಬಸ್ಸಿನಲ್ಲಿ ಹೋಗಿಬರತೊಡಗಿದೆವು. ಅಲ್ಲಿನ ಉದ್ದ ಬೆಂಚಿನ ಮೇಲೆ ಕಾಯುವುದೇ ದೊಡ್ಡ ಕೆಲಸ. ನಮ್ಮ ಸುತ್ತ ಮುರಿದ ಬೀರು, ಅರ್ಧ ಬಣ್ಣ ಬಳಿದ ಮನೆ, ಅಳತೆ ತಪ್ಪಿದ ಕೋಟು. ಅಕ್ಕ ಆ ಕೋಟನ್ನು ಕೈಗೆತ್ತಿಕೊಂಡು, "ಇದನ್ನ ಹೊಲಿದೋನು ಮನುಷ್ಯರನ್ನೇ ನೋಡಿಲ್ಲ" ಎಂದು ಕಿವಿಯಲ್ಲಿ ಹೇಳಿದಾಗ, ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ಅಮ್ಮ ಹೋದ ಮೇಲೆ ಹಾಗೆ ನಕ್ಕಿರಲಿಲ್ಲ. ಅವಳು ಮಡಿಲಲ್ಲಿದ್ದ ಊಟದ ಡಬ್ಬಿ ಬಿಚ್ಚಿ ಅರ್ಧ ನನ್ನ ಕಡೆ ದೂಡಿದಳು. ಎರಡನೆಯ ಸಲ ಹೋದಾಗ ಇಬ್ಬರಿಗೂ ಗೋಡೆ ಬೇಕಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದವಳು ಅಕ್ಕ.

"ಮನೆಗೆ ಬಾ ಇವತ್ತು, ಕೂತು ಮಾತಾಡೋಣ" ಎಂದಳು ಬಸ್ಸಿಳಿಯುತ್ತ.

"ಬಂದೆ" ಎಂದೆ. ಅವಳು ಎಡಬಾಗಿಲು ತೆರೆದು ಒಳಗೆ ಹೋದಳು. ನಾನು ಅವಳ ಹಿಂದೆಯೇ ಇದ್ದೆ. ಆಮೇಲೆ ನೋಡಿದರೆ ಬೀದಿ ತಿರುವಿನ ಅಂಗಡಿಯಲ್ಲಿ ನಿಂತು, ಮನೆಯಲ್ಲಿ ಡಜನ್ನುಗಟ್ಟಲೆ ಬಿದ್ದಿರುವ ಬೆಂಕಿಪೊಟ್ಟಣಕ್ಕೆ ಚಿಲ್ಲರೆ ಎಣಿಸುತ್ತಿದ್ದೆ. ಬಲಬಾಗಿಲಿಂದ ಒಳಗೆ ಬಂದು ನೋಡಿದರೆ, ಅಕ್ಕ ಹಜಾರದಲ್ಲಿ ಎರಡು ಲೋಟ ಟೀ ಇಟ್ಟುಕೊಂಡು ತನ್ನ ಬಾಗಿಲ ಕಡೆಯೇ ನೋಡುತ್ತ ಕೂತಿದ್ದಳು. ಫೋನ್ ಮಾಡಿದೆ. ಅವಳ ಮಡಿಲಲ್ಲಿ ಫೋನು ಹೊತ್ತಿಕೊಂಡಿತು, ಅವಳು ಕಿವಿಗಿಟ್ಟುಕೊಂಡಳು. ನನಗೆ ಬಂದದ್ದು ಎಲ್ಲೋ ದೂರದಲ್ಲಿ ಮರಳು ಸೋಸುವಂಥ ಸದ್ದು. ಎರಡೂ ಲೋಟದ ಟೀಯನ್ನು ಅವಳೇ ಕುಡಿದಳು.

ಮರುದಿನ ಬೀದಿಯಲ್ಲಿ ಅವಳ ಮುಖ ಬಾಡಿತ್ತು. "ಕೋರ್ಟಲ್ಲಿ ಗೆಲ್ಲಬೇಕು ಕಣೋ" ಎಂದಳು. "ಆ ಮೇಸ್ತ್ರಿ ಗೋಡೆ ಇದೆ ಅಂತಾನೆ, ಅದಕ್ಕೇ ಇದೆ. ಅವನಿಗಿಂತ ದೊಡ್ಡೋರು ಒಬ್ಬರು ಗೋಡೆ ಇಲ್ಲ ಅಂದ್ರೆ ಇರಲ್ಲ. ಮುಂಗಡದ ದುಡ್ಡು ಅವನೇ ಇಟ್ಟುಕೊಳ್ಳಲಿ. ಗೋಡೆ ಇಲ್ಲ ಅಂತ ಒಂದು ಮಾತು ಬರಲಿ ಸಾಕು."

ನನ್ನ ಓದಿಗೆ ಆ ತರ್ಕ ಒಗ್ಗಲಿಲ್ಲ. ಆದರೆ ಅದಕ್ಕಿಂತ ಒಳ್ಳೆಯದು ನನ್ನ ಬಳಿಯೂ ಇರಲಿಲ್ಲ.

ಕೋರ್ಟು ಸ್ಥಳ ನೋಡಲು ಒಬ್ಬ ಸರ್ವೇಯರನನ್ನು ಕಳಿಸಿತು. ಬೆವರು ಒರೆಸಿಕೊಳ್ಳುತ್ತ ಬಲಬಾಗಿಲಿಂದ ಬಂದ ದಪ್ಪನೆಯ ಮನುಷ್ಯ. ನಮ್ಮ ಗೋಡೆಯಿಂದ ಟೇಪು ಎಳೆದುಕೊಂಡು ಹೋಗಿ, ಧೂಳಿನ ಗೆರೆಯ ಬಳಿ ನಿಂತು ಅಳತೆ ಬರೆದುಕೊಂಡ. ಟೇಪು ಸರ್ರನೆ ಸುತ್ತಿಕೊಂಡಿತು. ಆಮೇಲೆ ಬೀದಿಗೆ ಇಳಿದು, ಪಕ್ಕದ ಬಾಗಿಲು ತಟ್ಟಿ, ಅಕ್ಕನ ಕಡೆಯಿಂದ ಒಳಗೆ ಬಂದ. ಅವಳ ಗೋಡೆಯಿಂದ ಅಳೆಯುತ್ತ ನನ್ನ ಎದುರಿಗೇ ಬಂದು ನಿಂತ. ಕೈಚಾಚಿದರೆ ಸಿಗುವಷ್ಟು ಹತ್ತಿರ. ನಾನು ಕೈ ಬೀಸಿದೆ. ಅವನೂ ಕಿಟಕಿಯಲ್ಲಿ ಕಂಡ ನೆರೆಯವರಿಗೆ ಬೀಸುವಂತೆ ಬೀಸಿದ.

ಮತ್ತೆ ಈ ಕಡೆ ಬಂದಾಗ ಕೇಳಿದೆ: "ಯಾಕೆ ಸಾರ್ ಸುತ್ತಿ ಹೋದ್ರಿ? ನೇರ ಹೋಗಬಹುದಿತ್ತಲ್ಲ?"

ಅವನು ಹಜಾರವನ್ನು ನೋಡಿದ, ನನ್ನನ್ನು ನೋಡಿದ. ತಮಾಷೆ ಇರಬೇಕೆಂದು ನಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. "ಹೇಗೆ?" ಎಂದ.

ವಿಚಾರಣೆಯ ದಿನ ಮೇಸ್ತ್ರಿ ಮೈ ಕೈ ತೊಳೆದುಕೊಂಡು ಬಂದಿದ್ದ. ರೆಪ್ಪೆಯ ಕೆಂಪು ಮಾತ್ರ ಹೋಗಿರಲಿಲ್ಲ. ನ್ಯಾಯಾಧೀಶೆಗೆ ನೆಗಡಿ, ಮೂಗೊರೆಸುತ್ತ ನಮ್ಮ ಕಡತ ತೆರೆದರು.

"ಗೋಡೆ ಕಟ್ಟಿದ್ದೀರೇನ್ರಿ?"

"ಕಟ್ಟಿದ್ದೀನಿ ತಾಯಿ."

"ಇಟ್ಟಿಗೆ ಯಾವುದು ಹಾಕಿದ್ರಿ?"

"ಇಟ್ಟಿಗೆ ಅವರು ಕೇಳ್ಲಿಲ್ಲ. ಸದ್ದು ಬರಬಾರದು, ಓಡಾಟ ಬೇಡ ಅಂದ್ರು. ಇಬ್ಬರನ್ನೂ ನಿಲ್ಲಿಸಿ ಕೇಳಿದೆ. ಇಬ್ಬರೂ ಸರಿ ಅಂದ್ರು. ಎರಡು ಕಡೆಯಿಂದ ಸರಿ ಬಿದ್ದ ಮೇಲೆ ನಾನು ಎತ್ತೋದು ಏನಿರುತ್ತೆ? ಅದೇ ಏಳುತ್ತೆ."

ಹಿಂದಿನ ಬೆಂಚುಗಳು ಘೊಳ್ಳೆಂದವು. ನ್ಯಾಯಾಧೀಶೆಯೂ ಕರ್ಚೀಫಿನೊಳಗೆ ನಕ್ಕರು. "ಚೆನ್ನಾಗಿದೆ ಕಣ್ರಿ. ನಮ್ಮ ಕಾಂಪೌಂಡಿಗೂ ನಿಮ್ಮನ್ನೇ ಕರೀತೀನಿ" ಎಂದು, ಸರ್ವೇಯರನ ವರದಿ ಓದಲು ಹೇಳಿದರು.

ಸರ್ವೇಯರ ಓದಿದ. ಹೊರಗೋಡೆಗಳ ದಪ್ಪ ಕಳೆದು ಹಜಾರದ ಅಗಲ ಇಷ್ಟು. ಬಲಭಾಗ ಇಷ್ಟು, ಎಡಭಾಗ ಇಷ್ಟು. ಎರಡನ್ನೂ ಕೂಡಿದರೆ ಆರು ಇಂಚು ಕಡಿಮೆ.

"ಕಡಿಮೆ ಅಂದ್ರೆ?"

"ಗೋಡೆಯ ದಪ್ಪ, ಮೇಡಂ. ಗಾರೆ ಸೇರಿ."

"ಗೋಡೆ ಕಣ್ಣಿಗೆ ಕಂಡಿತಾ?"

ಅವನು ವರದಿಯ ಹಾಳೆ ಮಡಚಿದ. "ಕಂಡಿತು ಅಂತ ಹೇಳಲಾರೆ" ಎಂದ. "ಆದ್ರೆ ಅದರ ಆಚೆ ಹೋಗಬಹುದು ಅಂತ ನನಗೆ ಹೊಳೀಲೇ ಇಲ್ಲ. ಇವರು ಕೇಳಿದ ಮೇಲೆ ಎರಡು ದಿನ ಅದನ್ನೇ ಯೋಚಿಸ್ತಿದ್ದೀನಿ."

ಈಗ ಯಾರೂ ನಗಲಿಲ್ಲ. ನ್ಯಾಯಾಧೀಶೆ ಕರ್ಚೀಫು ಪಕ್ಕಕ್ಕಿಟ್ಟರು. ಒಪ್ಪಂದದ ಮಾತು ಸದ್ದು ಮತ್ತು ಓಡಾಟ ಎರಡೇ ಆಗಿದ್ದರೆ, ಅವೆರಡನ್ನೇ ಕೇಳುತ್ತೇನೆ ಎಂದರು. ಮೊದಲು ಅಕ್ಕನನ್ನು ಕರೆದು ಪ್ರಮಾಣ ಮಾಡಿಸಿದರು.

"ನಿಮ್ಮ ತಮ್ಮನ ಕಡೆಯ ಸದ್ದು ಕೇಳಿಸುತ್ತಾ?"

"ಕೇಳಿಸದೆ ಏನು!" ಎಂದಳು ಅಕ್ಕ. ಅವಳ ಧ್ವನಿ ಗಂಟೆ ಹೊಡೆದ ಹಾಗಿತ್ತು. "ಬೆಳಿಗ್ಗೆ ಎದ್ದು ಇವನು ಕೆಮ್ಮೋದು, ಇವನ ಹೆಂಡತಿ ಪಾತ್ರೆ ಕುಕ್ಕೋದು, ರಾತ್ರಿಯಿಡೀ ಗೊರಕೆ. ತಲೆ ಚಿಟ್ಟು ಹಿಡಿದುಹೋಗಿದೆ. ನಿನ್ನೆ ಉಪ್ಪು ಮುಗಿದಿತ್ತು, ನೆಟ್ಟಗೆ ಹೋಗಿ ಇವರ ಡಬ್ಬೀಲಿ ತಗೊಂಡು ಬಂದೆ. ಎಲ್ಲಿಯ ಗೋಡೆ ತಾಯಿ?"

ಅಷ್ಟು ಹೊತ್ತಿಗೆ ಮೇಸ್ತ್ರಿಯ ಮುಖದಲ್ಲಿ ಮೊದಲ ಬಾರಿಗೆ ಏನೋ ಕದಲಿತು. ಜೇಬಿನೊಳಗಿದ್ದ ಅವನ ಕೈ ಮುಷ್ಟಿಯಾಯಿತು. ನ್ಯಾಯಾಧೀಶೆಯ ಭುಜ ಸಡಿಲವಾಯಿತು. ಅವರಿಗೂ ಅದೇ ಉತ್ತರ ಬೇಕಿತ್ತು ಎಂದು ಈಗ ಅನ್ನಿಸುತ್ತದೆ.

"ನೀವು?" ಎಂದು ನನ್ನ ಕಡೆ ತಿರುಗಿದರು. "ಅಕ್ಕನ ಕಡೆಯ ಸದ್ದು ಕೇಳುತ್ತಾ?"

ಕಂಡಿರದ ಅಳತೆಯನ್ನು ನಾನು ಎಂದೂ ಬರೆದವನಲ್ಲ. ಹಾಗೆ ಬರೆದು ತಂದ ಹುಡುಗರ ವರದಿಗಳನ್ನು ಹರಿದು ಕೈಗೆ ಕೊಟ್ಟಿದ್ದೇನೆ. ಅದೂ ಅಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ನಮಗೆ ಆಗಿರುವುದು ಏನೆಂದು ಅವರಿಗೆ ಅರ್ಥವಾದೀತು, ಅರ್ಥವಾದರೆ ಬಿಡಿಸಿಯಾರು ಎಂದು ನಂಬಿದ್ದೆ.

"ಇಲ್ಲ" ಎಂದೆ. "ಮಿಷನ್ನಿನ ಚಕ್ರ ತಿರುಗೋದು ಕಾಣುತ್ತೆ. ಸದ್ದು ಬರಲ್ಲ. ಕತ್ತರಿ ಬಿದ್ರೂ ಬರಲ್ಲ."

"ದಾಟಿದ್ದೀರಾ?"

"ಇಲ್ಲ."

"ನಿಮ್ಮ ಅಕ್ಕ ದಾಟಿ ಬಂದದ್ದು?"

ನಾನು ಸುಮ್ಮನಿದ್ದೆ. ಆ ಮೌನವನ್ನೂ ಗುಮಾಸ್ತ ಬರೆದುಕೊಂಡ. ನ್ಯಾಯಾಧೀಶೆ ಅಕ್ಕನನ್ನು ಒಂದು ಕ್ಷಣ ನೋಡಿ, ಸುಳ್ಳಿನ ಮಾತೆತ್ತದೆ, ಪೆನ್ನು ತೆಗೆದುಕೊಂಡರು. ದೂರುದಾರರಲ್ಲೊಬ್ಬರು ತಾವೇ ಒಪ್ಪಿಕೊಂಡಂತೆ ಗೋಡೆಯು ಕೇಳಿದ ಕೆಲಸವನ್ನು ಮಾಡುತ್ತಿದೆ, ಆದ್ದರಿಂದ ಅದು ಇದೆ, ದಾವೆ ವಜಾ. ಓದುವಾಗ ಅವರು ತಲೆ ಎತ್ತಲಿಲ್ಲ.

ಹೊರಗೆ ನೀರಿನ ಕೊಳಾಯಿಯ ಬಳಿ ಮೇಸ್ತ್ರಿ ಸಿಕ್ಕ. ಕಾಲು ಹಿಡಿಯುವುದೊಂದು ಬಾಕಿ, ಹಾಗೆ ಕೇಳಿದೆ: "ಕೆಡವೋದಕ್ಕೆ ಬರುತ್ತಾ?"

"ನಾನು ಯಾವತ್ತೂ ಕೆಡವಿಲ್ಲ ಸಾರ್. ಯಾರೂ ಕೇಳಿಲ್ಲ." ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. "ಆಚೆಯವರು ಒಂದು ಸಲ ಬೇಡ ಅಂದು, ಈಚೆಯವರಿಗೆ ಅದು ಕೇಳಿಸ್ತು ಅಂದ್ರೆ ಸಡಿಲ ಆಗುತ್ತೆ. ಅಕ್ಕ ಅವರು ಒಂದು ಕಡೆಯಿಂದ ಕಿತ್ತೇಬಿಟ್ಟಿದ್ರು ಈಗ. ಜೇಬಲ್ಲಿ ದಾರ ಬಿಗಿಹಿಡಿದೆ ನಾನು. ನೀವೂ ಒಂದು ಮಾತು 'ಕೇಳಿಸುತ್ತೆ' ಅಂದಿದ್ರೆ..." ಕೈ ಒರೆಸಿಕೊಂಡು ಹೊರಟ.

ಅಕ್ಕ ಮೆಟ್ಟಿಲ ಕೆಳಗೆ ನಿಂತಿದ್ದಳು.

"ಅಷ್ಟೊಂದು ಸುಳ್ಳು ನಾನೊಬ್ಬಳೇ ಹೇಳಿದೆ" ಎಂದಳು. ಸಿಟ್ಟಿದ್ದರೆ ಒಳ್ಳೆಯದಿತ್ತು, ಸಿಟ್ಟಿರಲಿಲ್ಲ. "ಒಂದು, ಒಂದೇ ಒಂದು ನಿನ್ನ ಬಾಯಲ್ಲಿ ಬರಲಿಲ್ಲ. ಹೋಗ್ಲಿ ಬಿಡು. ನೀನು ಚಿಕ್ಕಂದಿನಿಂದ ಹಾಗೇ."

ಬಸ್ಸು ಬಂತು. ಅವಳು ಹತ್ತಲಿಲ್ಲ. ಮುಂದಿನದರಲ್ಲಿ ಬರುತ್ತೇನೆ ಎಂದು ಕೈಯಾಡಿಸಿದಳು.

ಸಂಜೆ ನಾನು ಮೇಜಿನ ಮುಂದೆ ಕೂತಿದ್ದಾಗ ಅವಳು ಹಜಾರಕ್ಕೆ ಬಂದಳು. ಒಂದು ಸ್ಟೂಲು, ಸುತ್ತಿಗೆ, ಬಾಯಲ್ಲಿ ಕಚ್ಚಿಕೊಂಡ ಉದ್ದನೆಯ ಮೊಳೆಗಳು, ತೋಳಿನ ಮೇಲೆ ದಪ್ಪನೆಯ ಬೂದುಬಣ್ಣದ ಬಟ್ಟೆಯ ಥಾನು. ಧೂಳಿನ ಗೆರೆಯ ಆಚೆ, ನನ್ನ ಮುಖಕ್ಕೆ ನೇರವಾಗಿ ಸ್ಟೂಲು ಹಾಕಿ ಹತ್ತಿದಳು. ಬಟ್ಟೆಯ ಅಂಚನ್ನು ತಲೆಯ ಮೇಲೆ ಎತ್ತಿಹಿಡಿದು, ಏನೂ ಇಲ್ಲದ ಕಡೆ ಮೊಳೆಯಿಟ್ಟು, ಸುತ್ತಿಗೆಯಿಂದ ಹೊಡೆದಳು.

ಬಟ್ಟೆ ಅಲ್ಲೇ ನಿಂತಿತು.

ಪಕ್ಕಕ್ಕೆ ಸರಿದು ಇನ್ನೊಂದು ಹೊಡೆದಳು. ಸುತ್ತಿಗೆ ಬೀಳುತ್ತಿತ್ತು, ಅವಳ ಕೆನ್ನೆ ಪ್ರತಿ ಹೊಡೆತಕ್ಕೂ ಅದುರುತ್ತಿತ್ತು. ನಮ್ಮ ಹಜಾರದಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಗಾಳಿಯಲ್ಲಿ, ನನ್ನ ತಲೆಗಿಂತ ಒಂದು ಮೊಳ ಮೇಲೆ, ಮೊಳೆಯ ಮೊನೆಯೊಂದು ಈ ಕಡೆ ಇಣುಕಿತು. ಅದರ ಸುತ್ತಲಿಂದ ಬಿಳಿ ಪುಡಿ ಉದುರಿತು.

"ಕೇಳಿಸ್ತಿದೆ ಅಕ್ಕಾ!" ಎಂದು ಕೂಗಿದೆ. "ಎಲ್ಲ ಕೇಳಿಸ್ತಿದೆ! ನಿಲ್ಲಿಸು!"

ಅವಳು ಬಾಯಿಂದ ಇನ್ನೊಂದು ಮೊಳೆ ತೆಗೆದುಕೊಂಡಳು. ನನ್ನನ್ನು ನೋಡಿದಳು. ನನ್ನ ಬಾಯಿ ಆಡುವುದನ್ನು ಕೊನೆಯವರೆಗೆ, ತಾಳ್ಮೆಯಿಂದ, ನೋಡಿದಳು. ಆಮೇಲೆ ಬಟ್ಟೆಯನ್ನು ಎಳೆದು, ಸುಕ್ಕು ಬಿಡಿಸಿ, ಉಳಿದ ಮೂಲೆಗೆ ಹೊಡೆದಳು.

ಒಳಗಿನಿಂದ ನನ್ನ ಹೆಂಡತಿ ಪೊರಕೆ ಹಿಡಿದು ಬಂದಳು. "ಅಲ್ಲೇ ಯಾಕೆ ನಿಂತ್ರಿ? ಈಚೆ ಬನ್ನಿ, ಮೈಮೇಲೆಲ್ಲ ಸುಣ್ಣ" ಎಂದು ನನ್ನ ಹೆಗಲು ಕೊಡವಿ, ಬಾಗಿ, ಗೋಡೆಯ ಬುಡದ ಪುಡಿಯನ್ನು ಗುಡಿಸತೊಡಗಿದಳು.